ಕಾಫಿ ಕಣದಲ್ಲಿ ಡ್ರೈವ್ ಸರ್ವ್

ಡ್ರೈವ್ ಸರ್ವ್, ಅಂದರೆ ಚೆಂಡನ್ನು ತಗ್ಗಾಗಿ, ಬಿರುಸಾಗಿ ಕಳಿಸುವ ಸರ್ವ್, ಸುಧಾರಿಸಬೇಕಾದರೆ ಏನು ಮಾಡಬೇಕು ಅಂತ ರ‍್ಯಾಕೆಟ್‌ಬಾಲ್ ಆಡುವವರನ್ನು ಕೇಳಿದರೆ ಸಾಮಾನ್ಯವಾಗಿ ಮೊದಲು ಸಿಗುವ ಸಲಹೆ ಒಂದೇ: ಇನ್ನೂ ಜೋರಾಗಿ ಹೊಡಿ. ಆಲ್ದೂರಿನ ಹತ್ತಿರ ನಮ್ಮ ತೋಟದ ಕಣದಲ್ಲಿ ಒಂದು ಬೇಸಿಗೆಯಿಡೀ ಈ ಒಂದೇ ಸರ್ವ್ ಅಭ್ಯಾಸ ಮಾಡಿದ ಮೇಲೆ ಆ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ನಾನು ಮೊದಲು ನೋಡುವುದು ಚೆಂಡು ಬಿಡುವ ಕೈಯನ್ನು. ರ‍್ಯಾಕೆಟ್ ಹಿಡಿದ ಕೈಗೆ ಎಷ್ಟೇ ಬಲ ಇರಲಿ, ಇನ್ನೊಂದು ಕೈ ಚೆಂಡನ್ನು ಒಂದೊಂದು ಸಲ ಒಂದೊಂದು ಕಡೆ ಬಿಟ್ಟರೆ ಸರ್ವ್ ಹದಕ್ಕೆ ಬರುವುದೇ ಇಲ್ಲ. ಇದು ನನಗೆ ಹೇಗೆ ಗೊತ್ತಾಯಿತು, ಗೊತ್ತಾದ ಮೇಲೆ ಏನೇನು ಮಾಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮಗಳೂರು ಕಡೆ ಶಟಲ್ ಆಡದ ಊರಿಲ್ಲ, ಕ್ರಿಕೆಟ್ಟಂತೂ ಹೇಳುವುದೇ ಬೇಡ. ರ‍್ಯಾಕೆಟ್‌ಬಾಲ್ ಕಂಡವರು ಕಮ್ಮಿ. ಹಾಗಾಗಿ ಆಟದ ಬಗ್ಗೆ ಮೊದಲು ನಾಲ್ಕು ಮಾತು. ಇದು ಅಮೆರಿಕದ ಆಟ. 1950ರಲ್ಲಿ ಕನೆಕ್ಟಿಕಟ್ ರಾಜ್ಯದ ಗ್ರೀನ್‌ವಿಚ್‌ನಲ್ಲಿ ಜೋ ಸೋಬೆಕ್ ಎಂಬವರು ಇದನ್ನು ಶುರು ಮಾಡಿದರು. ಆಡುವ ಜಾಗ ನಾಲ್ಕೂ ಕಡೆ ಗೋಡೆ ಇರುವ ಒಂದು ದೊಡ್ಡ ಕೋಣೆ: 40 ಅಡಿ ಉದ್ದ, 20 ಅಡಿ ಅಗಲ, 20 ಅಡಿ ಎತ್ತರ. ಸೀಲಿಂಗ್‌ಗೂ ಚೆಂಡು ಹೊಡೆಯಬಹುದು. ಸ್ಕ್ವಾಷ್‌ನಲ್ಲಿ ಮುಂದಿನ ಗೋಡೆಯ ಬುಡದಲ್ಲಿ ಒಂದು ತಗಡಿನ ಪಟ್ಟಿ ಇರುತ್ತದೆ, ಅದಕ್ಕೆ ತಾಗಿದರೆ ಪಾಯಿಂಟ್ ಹೋಯಿತು. ಇಲ್ಲಿ ಆ ಪಟ್ಟಿ ಇಲ್ಲ. ಗೋಡೆ ನೆಲಕ್ಕೆ ಸೇರುವ ಕೊನೇ ಅಂಗುಲದವರೆಗೂ ಚೆಂಡು ಹೊಡೆಯಬಹುದು. ಚೆಂಡು ಟೊಳ್ಳು ರಬ್ಬರಿನದು, ಎರಡೂಕಾಲು ಅಂಗುಲ ಅಡ್ಡಗಲ, ಸುಮಾರು 40 ಗ್ರಾಂ ತೂಕ. ರ‍್ಯಾಕೆಟ್ ಗಿಡ್ಡ, 22 ಅಂಗುಲ ಮೀರುವಂತಿಲ್ಲ. ಚೆಂಡು ಸಿಕ್ಕಾಪಟ್ಟೆ ಪುಟಿಯುತ್ತದೆ. ಕಣ್ಣಿಗೆ ಗಾರ್ಡ್ ಇಲ್ಲದೆ ಯಾರೂ ಆಡಬಾರದು. ಸ್ಪರ್ಧೆಗಳಲ್ಲಿ ಅದು ಕಡ್ಡಾಯ. ಆ ಚೆಂಡಿನ ವೇಗ ಕಂಡವರಿಗೆ ಯಾಕೆ ಅಂತ ವಿವರಿಸುವುದು ಬೇಡ.

ಅಮೆರಿಕದಲ್ಲಿ ಓದುವಾಗ ಯೂನಿವರ್ಸಿಟಿಯ ಜಿಮ್‌ನಲ್ಲಿ ನನಗೆ ಈ ಆಟ ಹತ್ತಿತು. ಓದು ಮುಗಿಸಿ ತೋಟಕ್ಕೆ ಮರಳುವಾಗ ರ‍್ಯಾಕೆಟ್, ಕಣ್ಣಿನ ಗಾರ್ಡ್, ನೀಲಿ ಚೆಂಡುಗಳ ಡಬ್ಬಿಗಳು ಪೆಟ್ಟಿಗೆಯಲ್ಲಿ ಜತೆಗೇ ಬಂದವು. ಕೋರ್ಟ್ ಬರಲಿಲ್ಲ, ಅಷ್ಟೆ. ಆಟವನ್ನು ಬಿಡುವ ಮನಸ್ಸಿರಲಿಲ್ಲ. ನಮ್ಮಲ್ಲಿ ಇದ್ದದ್ದು ಕಾಫಿ ಒಣಗಿಸುವ ಸಿಮೆಂಟಿನ ಕಣ, ಅದರ ಒಂದು ತುದಿಗೆ ಗೋಡೌನಿನ ಎತ್ತರದ ಗೋಡೆ. ಬಾಗಿಲು, ಕಿಟಕಿ ಎಲ್ಲ ಆಚೆ ಬದಿಗೆ. ಈ ಬದಿ ಪೂರ್ತಿ ಬೋಳು ಗಾರೆ. ಟೇಪು ಹಿಡಿದು ಅಳೆದರೆ ಅಗಲಕ್ಕೂ ಉದ್ದಕ್ಕೂ ಕೋರ್ಟಿಗಿಂತ ಜಾಸ್ತಿಯೇ ಜಾಗ ಇತ್ತು.

ಕಣ ಯಾವಾಗಲೂ ಖಾಲಿ ಇರುವುದಿಲ್ಲ ಅನ್ನುವುದು ತೋಟದವರಿಗೆಲ್ಲ ಗೊತ್ತು. ನವೆಂಬರ್‌ನಿಂದ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ. ಮಾರ್ಚ್ ಕಳೆಯುವವರೆಗೆ ಕಣ ಕಾಫಿಯದು. ಜೂನ್ ಬಂದರೆ ಮಳೆಯದು. ನಡುವೆ ಸಿಗುವ ಏಪ್ರಿಲ್, ಮೇ ನನ್ನದು. ಗೆರೆ ಎಳೆಯಲು ಪೇಂಟ್ ತರುತ್ತೇನೆ ಅಂದಾಗ ಅಪ್ಪ ಒಪ್ಪಲಿಲ್ಲ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಎಳೆದುಕೊಳ್ಳುತ್ತದೆ, ಒಣಗುವ ಜಾಗದಲ್ಲಿ ಪೇಂಟಿನ ಘಾಟು ಇರಕೂಡದು ಅಂದರು. ಅವರು ಹೇಳಿದ್ದು ಸರಿ. ಸುಣ್ಣದಲ್ಲಿ ಗೆರೆ ಎಳೆದೆವು. ಅಳಿಸಿದರೆ ಮತ್ತೆ ಎಳೆದರಾಯಿತು.

ಎಳೆದದ್ದು ಮೂರು ಅಡ್ಡ ಗೆರೆ. ಮುಂದಿನ ಗೋಡೆಯಿಂದ 15 ಅಡಿಗೆ ಒಂದು: ಅದು ಸರ್ವಿಸ್ ಲೈನ್. 20 ಅಡಿಗೆ ಒಂದು: ಶಾರ್ಟ್ ಲೈನ್. 25 ಅಡಿಗೆ ಒಂದು ತುಂಡು ತುಂಡು ಗೆರೆ: ಸರ್ವ್ ಎದುರಿಸುವವರು ಚೆಂಡು ಪುಟಿಯುವ ಮೊದಲು ಅಥವಾ ಆ ಗೆರೆ ದಾಟುವ ಮೊದಲು ಮುಂದೆ ಬರುವಂತಿಲ್ಲ. ಎರಡೂ ಪಕ್ಕದಲ್ಲಿ ಗೋಡೆ ಇಲ್ಲವಲ್ಲ, ಅಲ್ಲಿಗೆ ಉದ್ದುದ್ದ ಗೆರೆ. 40 ಅಡಿಗೆ ಹಿಂದಿನ ಗೋಡೆ ಅಂತ ಇನ್ನೊಂದು ಗೆರೆ. ಹಿಂದಿನ ಎರಡು ಮೂಲೆಗಳಲ್ಲಿ ಖಾಲಿ ಗೋಣಿ ಚೀಲಗಳ ಒಟ್ಟಿಲು.

ಸರ್ವ್ ಮಾಡುವವರು 15 ಮತ್ತು 20 ಅಡಿಯ ಗೆರೆಗಳ ನಡುವೆ ನಿಲ್ಲಬೇಕು. ಚೆಂಡನ್ನು ಅಲ್ಲೇ ನೆಲಕ್ಕೆ ಒಂದು ಸಲ ಪುಟಿಸಿ ಹೊಡೆಯಬೇಕು. ಚೆಂಡು ಮೊದಲು ಮುಂದಿನ ಗೋಡೆಗೇ ತಾಗಬೇಕು. ತಾಗಿ ಹಿಂದಿರುಗಿ ಶಾರ್ಟ್ ಲೈನ್ ದಾಟಿದ ಮೇಲೆ ನೆಲಕ್ಕೆ ಬೀಳಬೇಕು. ಗೆರೆಯ ಮೇಲೆ ಬಿದ್ದರೂ ಶಾರ್ಟ್. ನೆಲ ಮುಟ್ಟದೆ ನೇರ ಹಿಂದಿನ ಗೋಡೆಗೆ ಹೋದರೆ ಲಾಂಗ್. ಎರಡೂ ಫಾಲ್ಟ್. ಡ್ರೈವ್ ಸರ್ವ್ ಅಂದರೆ ಈ ಕಟ್ಟುಪಾಡುಗಳ ಒಳಗೆ ಚೆಂಡನ್ನು ತಗ್ಗಾಗಿ, ಬಿರುಸಾಗಿ ಹಿಂದಿನ ಮೂಲೆಗೆ ಕಳಿಸುವುದು. ಶಾರ್ಟ್ ಲೈನ್ ದಾಟಿ ಎರಡು ಮೂರು ಅಡಿಯೊಳಗೆ ಮೊದಲ ಪುಟ, ಹಿಂದಿನ ಗೋಡೆಗೆ ಮುಂಚೆಯೇ ಎರಡನೇ ಪುಟ. ಹಾಗೆ ಬಿದ್ದ ಚೆಂಡನ್ನು ಹಿಂದಿನ ಗೋಡೆಯಿಂದ ಬರಲಿ ಅಂತ ಕಾಯುವ ಹಾಗಿಲ್ಲ. ಓಡಿ, ಬಗ್ಗಿ, ಮೂಲೆಯಲ್ಲಿ ಎತ್ತಬೇಕು.

ಒಳ್ಳೆ ಸರ್ವ್ ಯಾವುದು ಅಂತ ತೀರ್ಮಾನಿಸಲು ಇದಕ್ಕಿಂತ ಬೇರೆ ಅಳತೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎರಡನೇ ಪುಟ ಎಲ್ಲಿ ಬಿತ್ತು? ಅಷ್ಟು ನೋಡಿದರೆ ಸಾಕು. ರ‍್ಯಾಕೆಟ್ಟಿನ ಸದ್ದು, ಚೆಂಡಿನ ವೇಗ ಎರಡೂ ಮೋಸ ಮಾಡುತ್ತವೆ. ಗುಂಡು ಹಾರಿದ ಹಾಗೆ ಸದ್ದಾದ ಸರ್ವ್ ಹಿಂದಿನ ಗೋಡೆಗೆ ಬಡಿದು ಕೋರ್ಟಿನ ನಡುವಿಗೆ ತೇಲಿ ಬಂದರೆ ಎದುರಿನವರಿಗೆ ನಾವೇ ತಟ್ಟೆಯಲ್ಲಿ ಇಟ್ಟು ಕೊಟ್ಟಂತೆ. ನಿಜವಾದ ಕೋರ್ಟಿನಲ್ಲಿ ಹಿಂದಿನ ಗೋಡೆ ಅಡ್ಡ ಬರುವುದರಿಂದ ಎರಡನೇ ಪುಟ ಎಲ್ಲಿ ಬೀಳುತ್ತಿತ್ತು ಅಂತ ತಿಳಿಯುವುದೇ ಕಷ್ಟ. ನಮ್ಮ ಕಣದಲ್ಲಿ ಹಿಂದಿನ ಗೋಡೆ ಇಲ್ಲ. ಈ ಒಂದು ವಿಷಯದಲ್ಲಿ ಕಣ ಕೋರ್ಟಿಗಿಂತ ಒಳ್ಳೆಯ ಜಾಗ. 36 ಅಡಿಗೆ ಬಿತ್ತೋ, 44 ಅಡಿಗೆ ಬಿತ್ತೋ, ಕಣ್ಣಿಗೆ ಕಾಣುತ್ತದೆ.

ಕಣ್ಣಿಗೆ ಇನ್ನೂ ಚೆನ್ನಾಗಿ ಕಾಣಲಿ ಅಂತ ಅಮ್ಮನ ರಂಗೋಲಿ ಪುಡಿ ತಂದೆ. ಚೆಂಡನ್ನು ಪುಡಿಯಲ್ಲಿ ಹೊರಳಿಸಿ, ಜಾಸ್ತಿ ಅಂಟಿದ್ದನ್ನು ಕೊಡವಿ ಸರ್ವ್ ಮಾಡಿದರೆ ಗೋಡೆಯ ಮೇಲೆ ಒಂದು ಬಿಳಿ ಚುಕ್ಕೆ, ಶಾರ್ಟ್ ಲೈನಿನ ಆಚೆ ಒಂದು ಮಸುಕು ಚುಕ್ಕೆ ಉಳಿಯುತ್ತದೆ. ಗೋಡೆ ಹಳೆಯದು, ಕಪ್ಪಾಗಿತ್ತು. ಹಾಗಾಗಿ ಚುಕ್ಕೆ ಎದ್ದು ಕಾಣುತ್ತಿತ್ತು. ಪ್ರತಿ ಬಾರಿ ಬುಟ್ಟಿಯಲ್ಲಿದ್ದ ಚೆಂಡುಗಳನ್ನೆಲ್ಲ ಹೊಡೆದು ಮುಗಿಸಿ ಗೋಡೆ ನೋಡುವುದು, ಒರೆಸುವುದು, ಮತ್ತೆ ಹೊಡೆಯುವುದು.

ಗೋಡೆಯ ಮೇಲೆ ಎಲ್ಲಿ ತಾಗಬೇಕು? ಇದನ್ನು ಅಂದಾಜಿನಲ್ಲಿ ಬಿಡಬೇಕಾಗಿಲ್ಲ, ಲೆಕ್ಕ ಹಾಕಬಹುದು. ಗೋಡೆಗೆ ಬಡಿದ ಚೆಂಡು ಕನ್ನಡಿಗೆ ಬಿದ್ದ ಬೆಳಕಿನ ಹಾಗೇ ತಿರುಗುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಅಭ್ಯಾಸಕ್ಕೆ ಈ ಲೆಕ್ಕ ಸಾಕು. ನಾನು ಬಲಗೈಯವನು. ಕೋರ್ಟಿನ ನಡುಗೆರೆಯ ಮೇಲೆ, ಗೋಡೆಯಿಂದ 17 ಅಡಿ ದೂರದಲ್ಲಿ ಚೆಂಡು ಹೊಡೆಯುತ್ತೇನೆ ಅಂತಿಟ್ಟುಕೊಳ್ಳಿ. ಗುರಿ ಎಡ ಹಿಂದಿನ ಮೂಲೆ: ನಡುಗೆರೆಯಿಂದ 9 ಅಡಿ ಎಡಕ್ಕೆ, ಗೋಡೆಯಿಂದ 38 ಅಡಿ ದೂರ. ಹೋಗುವುದು 17, ಬರುವುದು 38, ಒಟ್ಟು 55 ಅಡಿ. ಈ 55 ಅಡಿಯಲ್ಲಿ ಚೆಂಡು 9 ಅಡಿ ಪಕ್ಕಕ್ಕೆ ಸರಿಯಬೇಕು. ಮೊದಲ 17 ಅಡಿಯಲ್ಲಿ ಎಷ್ಟು ಸರಿಯಬೇಕು? ಮೂರು ಅಡಿಗೆ ಸ್ವಲ್ಪ ಕಮ್ಮಿ. ಅಂದರೆ ನಡುಗೆರೆಯಿಂದ ಎಡಕ್ಕೆ ಸುಮಾರು 2 ಅಡಿ 9 ಅಂಗುಲದಲ್ಲಿ ಗೋಡೆಗೆ ತಾಗಬೇಕು. ಅಲ್ಲಿ ಒಂದು ಟೇಪು ಅಂಟಿಸಿದೆ.

ಇದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ಗೋಡೆಯ ಮೇಲೆ ಒಂದು ಅಂಗುಲ ಆಚೀಚೆ ಆದರೆ ಮೂಲೆಗೆ ಬರುವಷ್ಟರಲ್ಲಿ ಅದು ಮೂರು ಅಂಗುಲಕ್ಕಿಂತ ಜಾಸ್ತಿ. ಅರ್ಧ ಅಡಿ ಎಡಕ್ಕೆ ಹೋದರೆ ಒಂದೂವರೆ ಅಡಿ ಹೆಚ್ಚುವರಿ. ಚೆಂಡು ಪಕ್ಕದ ಗೋಡೆಗೆ ಬಡಿದು ನಡುವಿಗೆ ಚಿಮ್ಮುತ್ತದೆ. ಅರ್ಧ ಅಡಿ ಬಲಕ್ಕೆ ಹೋದರೆ ಎದುರಿನವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬರುತ್ತದೆ. ಎರಡೂ ಬೇಡ. ಅಂದರೆ ಗೋಡೆಯ ಮೇಲೆ ನನಗಿದ್ದ ಜಾಗ ಒಂದು ಅಂಗೈ ಅಗಲ. ಬಲ ಎಷ್ಟಿದ್ದರೇನು, ಅಂಗೈ ಅಗಲದಲ್ಲಿ ಚೆಂಡು ಬಡಿಯದಿದ್ದರೆ ಉಪಯೋಗ ಇಲ್ಲ ಅಲ್ವಾ?

ರಂಗೋಲಿ ಚುಕ್ಕೆಗಳು ಶುರುವಿನಲ್ಲಿ ಟೇಪಿನ ಸುತ್ತ ಒಂದು ಬಾಗಿಲಿನಷ್ಟು ಅಗಲಕ್ಕೆ ಹರಡಿದ್ದವು. ಎತ್ತರದಲ್ಲೂ ಹಾಗೇ. ನನ್ನ ತಮ್ಮ ಮೊಬೈಲಿನಲ್ಲಿ ಸ್ಲೋ ಮೋಷನ್ ಹಿಡಿದುಕೊಟ್ಟ. ಗೋಡೌನಿನ ಮೆಟ್ಟಿಲ ಮೇಲೆ ಕೂತು ಒಂದೊಂದೇ ಸರ್ವ್ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಕಾಲು ಹೆಚ್ಚುಕಮ್ಮಿ ಅದೇ ಜಾಗದಲ್ಲಿತ್ತು. ಸೊಂಟ ತಿರುಗುವುದೂ ಚೆನ್ನಾಗಿತ್ತು. ಚೆಂಡು ಮಾತ್ರ ಒಂದು ಸರ್ವ್‌ನಲ್ಲಿ ಮುಂಗಾಲಿನ ಹೆಬ್ಬೆರಳಿನ ನೇರಕ್ಕೆ, ಇನ್ನೊಂದರಲ್ಲಿ ಒಂದು ಗೇಣು ಹಿಂದೆ, ಮತ್ತೊಂದರಲ್ಲಿ ಮೈಗೆ ತೀರಾ ಹತ್ತಿರ. ಚೆಂಡು ಹಿಂದಿದ್ದಾಗ ರ‍್ಯಾಕೆಟ್ಟಿನ ಮುಖ ಇನ್ನೂ ಪೂರ್ತಿ ತಿರುಗಿರುವುದಿಲ್ಲ, ಚೆಂಡು ಬಲಕ್ಕೆ ಹೋಗುತ್ತದೆ. ಮುಂದಿದ್ದಾಗ ಮುಖ ಜಾಸ್ತಿ ತಿರುಗಿರುತ್ತದೆ, ಎಡಕ್ಕೆ ಹೋಗುತ್ತದೆ. ಮೈಗೆ ಹತ್ತಿರ ಇದ್ದಾಗ ಮೊಣಕೈ ಮಡಚಿಕೊಳ್ಳುತ್ತದೆ, ಬಲವೇ ಬರುವುದಿಲ್ಲ. ಗೋಡೆಯ ಮೇಲೆ ಹರಡಿದ ಚುಕ್ಕೆಗಳಿಗೆಲ್ಲ ಕಾರಣ ನೆಲದ ಮೇಲಿತ್ತು.

ಅಲ್ಲಿಂದ ಒಂದಷ್ಟು ದಿನ ರ‍್ಯಾಕೆಟ್ ಪಕ್ಕಕ್ಕಿಟ್ಟೆ. ಚೆಂಡು ಬಿಡುವುದು ಮಾತ್ರ. ಮುಂಗಾಲು ಬರುವ ಜಾಗಕ್ಕೆ ಸುಣ್ಣದಲ್ಲಿ ಪಾದದ ಗುರುತು ಹಾಕಿದೆ. ರ‍್ಯಾಕೆಟ್ ಹಿಡಿದ ಕೈ ನೀಡಿದರೆ ಅದರ ನಡುಭಾಗ ಎಲ್ಲಿಗೆ ಬರುತ್ತದೋ, ಆ ನೇರಕ್ಕೆ ಮುಂಗಾಲಿನ ಮುಂದೆ ಒಂದು ರೂಪಾಯಿ ನಾಣ್ಯದಷ್ಟು ಚುಕ್ಕೆ. ಚೆಂಡು ಪ್ರತಿ ಸಲ ಆ ಚುಕ್ಕೆಯ ಮೇಲೇ ಬೀಳಬೇಕು.

ಚೆಂಡು ಬಿಡುವುದರಲ್ಲಿ ಏನಿದೆ ಅನ್ನಿಸಬಹುದು. ತುಂಬ ಇದೆ. ಚೆಂಡನ್ನು ಮೇಲಿಂದ ಹಿಡಿದು ಕೆಳಕ್ಕೆ ತಳ್ಳಿದರೆ ಪುಟ ಎತ್ತರ ಬರುತ್ತದೆ, ಹೊಡೆಯುವಾಗ ಚೆಂಡು ಸೊಂಟದ ಮಟ್ಟದಲ್ಲಿರುತ್ತದೆ. ಅಲ್ಲಿಂದ ತಗ್ಗಿನ ಸರ್ವ್ ಬರುವುದಿಲ್ಲ. ಬೆರಳುಗಳಿಂದ ಉರುಳಿಸಿ ಬಿಟ್ಟರೆ ಚೆಂಡು ತಿರುಗುತ್ತದೆ, ನೆಲಕ್ಕೆ ತಾಗಿ ಪಕ್ಕಕ್ಕೆ ಓಡುತ್ತದೆ. ನನಗೆ ಒಗ್ಗಿದ್ದು ಇದು: ಮೊಣಕಾಲಿಗಿಂತ ಸ್ವಲ್ಪ ಮೇಲೆ ಕೈ ಇಳಿಸಿ, ಅಂಗೈ ಮುಂದಿನ ಗೋಡೆಯ ಕಡೆ ಇಟ್ಟು, ಐದೂ ಬೆರಳು ಒಟ್ಟಿಗೆ ಬಿಚ್ಚುವುದು. ತಳ್ಳುವುದೂ ಇಲ್ಲ, ತಿರುಗಿಸುವುದೂ ಇಲ್ಲ. ಚೆಂಡು ನೆಲಕ್ಕೆ ತಾಗಿ ಮೀನಖಂಡದ ಎತ್ತರಕ್ಕೆ ಬಂದು ಒಂದು ಕ್ಷಣ ನಿಂತ ಹಾಗೆ ಆಗುತ್ತದೆ. ಹೊಡೆಯಬೇಕಾದದ್ದು ಅಲ್ಲೇ.

ಇದನ್ನು ಹೆಜ್ಜೆಯ ಜತೆ ಸೇರಿಸುವುದು ಎರಡನೇ ಕೆಲಸ. ಹಿಂಗಾಲಿನ ಗಿಡ್ಡ ಹೆಜ್ಜೆ, ಮುಂಗಾಲಿನ ಉದ್ದ ಹೆಜ್ಜೆ. ಸರ್ವಿಸ್ ಲೈನನ್ನು ತುಳಿಯಬಹುದು, ಪಾದ ಪೂರ್ತಿ ದಾಟುವಂತಿಲ್ಲ. ಮೊದಲ ಹೆಜ್ಜೆಯ ಜತೆ ರ‍್ಯಾಕೆಟ್ ಹಿಂದಕ್ಕೆ ಮೇಲಕ್ಕೆ ಹೋಗಬೇಕು, ಮೊಣಕೈ ಹೆಗಲ ಎತ್ತರಕ್ಕೆ. ಎರಡನೇ ಹೆಜ್ಜೆ ನೆಲಕ್ಕೆ ಊರುವ ಮುಂಚೆಯೇ ಚೆಂಡು ಕೈ ಬಿಟ್ಟಿರಬೇಕು. ಊರಿದ ಮೇಲೆ ಬಿಟ್ಟರೆ ತಡ; ಸೊಂಟ ತಿರುಗಿ ಮುಗಿದು ಬರೀ ತೋಳಿನಿಂದ ಹೊಡೆಯಬೇಕಾಗುತ್ತದೆ. ಈ ಹೊತ್ತನ್ನು ಹಿಡಿಯಲು ನನಗೆ ಬಹಳ ಸಮಯ ಹಿಡಿಯಿತು. ಬಾಯಲ್ಲಿ ಹೇಳಿಕೊಂಡು ಮಾಡಿದ್ದು ಸಹಾಯ ಮಾಡಿತು: ಒಂದು, ಬಿಡು, ಎರಡು. ಕಣದ ಅಂಚಿನಲ್ಲಿ ಮೆಣಸು ಬಿಡಿಸುತ್ತ ಕೂತ ಹೆಂಗಸರು ಕೆಲವು ಸಲ ನನ್ನ ಜತೆ ಸೇರಿ ಎಣಿಸಿದ್ದೂ ಉಂಟು. ಅವರ ಎಣಿಕೆ ನನ್ನದಕ್ಕಿಂತ ಸಮನಾಗಿರುತ್ತಿತ್ತು. ಮನಸ್ಸಿನಲ್ಲಿ ಎಣಿಸಿದರೆ ನಾವೇ ಅವಸರ ಮಾಡುತ್ತೇವೆ. ಬೇರೆಯವರ ದನಿಗೆ ಮೈ ಒಗ್ಗಿಸಿದರೆ ಅವಸರ ಆಗುವುದಿಲ್ಲ. ಆಡುವವರು ಯಾರಾದರೂ ಇದನ್ನು ಮಾಡಿ ನೋಡಬಹುದು.

ಹಿಡಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಡಿಯ ಬುಡ ಅಂಗೈಯೊಳಗೆ, ಬೆರಳು ಸಡಿಲ, ಹೊಡೆಯುವ ಕ್ಷಣಕ್ಕೆ ಮಾತ್ರ ಬಿಗಿ. ಮಣಿಕಟ್ಟಿನ ದಾರ ಹಾಕಿಕೊಂಡೇ ಇರಬೇಕು. ಬೆವರಿದ ಕೈಯಿಂದ ರ‍್ಯಾಕೆಟ್ ಹಾರಿದರೆ ಹತ್ತಿರ ಇದ್ದವರ ಗತಿ ಏನು?

ರ‍್ಯಾಕೆಟ್ ಮತ್ತೆ ಕೈಗೆತ್ತಿಕೊಂಡಾಗ ಪೂರ್ತಿ ಬಲ ಹಾಕಲಿಲ್ಲ. ಅರ್ಧ ಬಲಕ್ಕೆ ಗೋಡೆಯ ಚುಕ್ಕೆಗಳು ಒಂದು ಕಡೆ ಸೇರುವವರೆಗೆ ಅರ್ಧ ಬಲವೇ. ಸೇರಿದ ಮೇಲೆ ಮುಕ್ಕಾಲು. ಬಲ ಜಾಸ್ತಿ ಮಾಡಿದಾಗಲೆಲ್ಲ ಚುಕ್ಕೆಗಳು ಮತ್ತೆ ಹರಡುತ್ತಿದ್ದವು. ಆಗ ನೋಡಿದರೆ ಕೈ ಅಲ್ಲ, ಮತ್ತೆ ಚೆಂಡಿನ ಜಾಗ. ಜೋರಾಗಿ ಹೊಡೆಯಬೇಕು ಅಂತ ಮನಸ್ಸು ಮಾಡಿದ ಕೂಡಲೇ ಎಡಗೈ ಕೂಡ ಅವಸರಕ್ಕೆ ಬೀಳುತ್ತದೆ, ಚೆಂಡನ್ನು ಮುಂದಕ್ಕೆ ಎಸೆದುಬಿಡುತ್ತದೆ. ಬಲಗೈ ಎಷ್ಟೇ ಬಿರುಸಾಗಿರಲಿ, ಎಡಗೈ ನಿಧಾನವಾಗಿ ಇರಬೇಕು. ಎರಡೂ ಕೈಗೆ ಎರಡು ಬೇರೆ ಬೇರೆ ಮನಸ್ಥಿತಿ ಕಲಿಸುವುದೇ ಈ ಸರ್ವ್‌ನ ಅಸಲು ಕಷ್ಟ ಅಂತ ನನಗೆ ಅನ್ನಿಸುತ್ತದೆ.

ಎತ್ತರದ ವಿಷಯಕ್ಕೆ ಒಂದು ಉಪಾಯ ಮಾಡಿದೆವು. ಶಾರ್ಟ್ ಲೈನಿನ ಎರಡೂ ತುದಿಗೆ ಅಡಿಕೆ ದಬ್ಬೆ ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಹಗ್ಗ ಕಟ್ಟಿದೆವು. ಗೋಡೆಯಿಂದ ಬಂದ ಚೆಂಡು ಹಗ್ಗದ ಕೆಳಗೆ ನುಸುಳಬೇಕು, ಆದರೆ ಗೆರೆಯ ಆಚೆಗೇ ಬೀಳಬೇಕು. ಹಗ್ಗದ ಮೇಲೆ ಹೋದ ಚೆಂಡಿನ ಎರಡನೇ ಪುಟ ಯಾವತ್ತೂ 40 ಅಡಿಯ ಆಚೆ ಬೀಳುತ್ತಿತ್ತು. ಕೆಳಗೆ ನುಸುಳಿದ್ದು ಒಳಗೇ. ಈ ಹಗ್ಗ ಕಟ್ಟಿದ ಮೇಲೆ ಗೋಡೆಯ ಮೇಲೆ ಎಷ್ಟು ಎತ್ತರಕ್ಕೆ ಹೊಡೆಯಬೇಕು ಅಂತ ಯೋಚಿಸುವುದನ್ನೇ ಬಿಟ್ಟೆ. ಹಗ್ಗ ನೋಡಿಕೊಂಡು ಮೈ ತಾನೇ ಹೊಂದಿಸಿಕೊಂಡಿತು. ಒಬ್ಬೊಬ್ಬರ ವೇಗಕ್ಕೆ ಆ ಎತ್ತರ ಬೇರೆ ಬೇರೆ. ಜೋರಾಗಿ ಹೊಡೆಯುವವರು ಗೋಡೆಗೆ ಇನ್ನೂ ತಗ್ಗಿನಲ್ಲಿ ಬಡಿಯಬೇಕು, ಮೆಲ್ಲಗೆ ಹೊಡೆಯುವವರು ಸ್ವಲ್ಪ ಮೇಲೆ. ಪುಸ್ತಕದ ಸಂಖ್ಯೆಗಿಂತ ಹಗ್ಗ ಒಳ್ಳೆಯ ಗುರು.

ಬಿಸಿಲಿನ ಪಾತ್ರ ನನಗೆ ಕಣದಲ್ಲೇ ಅರ್ಥವಾಯಿತು. ನಿಯಮದ ಪ್ರಕಾರ ಚೆಂಡನ್ನು 100 ಅಂಗುಲ ಎತ್ತರದಿಂದ ಬಿಟ್ಟರೆ 68ರಿಂದ 72 ಅಂಗುಲ ಪುಟಿಯಬೇಕು. ಅದೂ 70ರಿಂದ 74 ಡಿಗ್ರಿ ಫ್ಯಾರನ್‌ಹೀಟ್ ತಾಪದಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 21ರಿಂದ 23 ಡಿಗ್ರಿ. ನಮ್ಮ ಕಡೆ ಏಪ್ರಿಲ್ ಬೆಳಗ್ಗೆ ಇನ್ನೂ ಚಳಿ ಉಳಿದಿರುತ್ತದೆ. ಮಧ್ಯಾಹ್ನ ಸಿಮೆಂಟಿನ ಕಣದ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಬೆಳಗ್ಗೆ ಚೆಂಡು ಮಂಕು. ಅದೇ ಹೊಡೆತಕ್ಕೆ ಶಾರ್ಟ್ ಬೀಳುತ್ತದೆ. ಮಧ್ಯಾಹ್ನ ಅದೇ ಚೆಂಡು ಹಗ್ಗದ ಕೆಳಗೆ ನುಸುಳಿದರೂ ಮೂಲೆ ದಾಟಿ ಹೋಗುತ್ತದೆ. ಚೆಂಡಿನೊಳಗಿನ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ, ರಬ್ಬರೂ ಚುರುಕಾಗುತ್ತದೆ. ಆಮೇಲೆ ನಾನು ಹೊತ್ತು ನಿಗದಿ ಮಾಡಿಕೊಂಡೆ: ಕಣಕ್ಕೆ ಗೋಡೌನಿನ ನೆರಳು ಬೀಳುವ ಸಂಜೆ. ಶುರು ಮಾಡುವ ಮೊದಲು ಚೆಂಡನ್ನು ಗೋಡೆಗೆ ಸುಮ್ನೆ ಹೊಡೆದು ಬೆಚ್ಚಗೆ ಮಾಡಿಕೊಳ್ಳುವುದು. ಇದನ್ನು ಮಾಡದೆ ಮೊದಲ ಕೆಲವು ಸರ್ವ್‌ಗಳಿಂದ ಯಾವ ತೀರ್ಮಾನಕ್ಕೂ ಬರಬಾರದು.

ಇಲ್ಲೇ ಇನ್ನೊಂದು ಮಾತು. ನಿಜವಾದ ಕೋರ್ಟಿನ ನೆಲ ನಯವಾದ ಮೇಪಲ್ ಮರದ್ದು. ಸಿಮೆಂಟು ಒರಟು, ಚೆಂಡನ್ನು ಹಿಡಿದು ಮೇಲಕ್ಕೆ ಎತ್ತುತ್ತದೆ. ಹಾಗಾಗಿ ಕಣದಲ್ಲಿ ತಗ್ಗಾಗಿ ಉಳಿದ ಸರ್ವ್ ಮರದ ನೆಲದಲ್ಲಿ ಇನ್ನೂ ತಗ್ಗಾಗಿಯೇ ಉಳಿಯುತ್ತದೆ. ಒರಟು ನೆಲದಲ್ಲಿ ಕಲಿತದ್ದು ನಷ್ಟವಲ್ಲ. ಚೆಂಡು ಮಾತ್ರ ಬೇಗ ಸವೆಯುತ್ತದೆ, ಶೂಗಳೂ.

ಮೇ ತಿಂಗಳಲ್ಲಿ ಅಣ್ಣ ಅಮೆರಿಕದಿಂದ ರಜೆಗೆ ಬಂದ. ನನಗಿಂತ ಹಳೆಯ ಆಟಗಾರ. ಅಲ್ಲಿಯವರೆಗೆ ನಾನು ಹೊಡೆಯುತ್ತಿದ್ದುದು ಗೋಣಿ ಚೀಲಕ್ಕೆ. ಇನ್ನು ಮುಂದೆ ಮೂಲೆಯಲ್ಲಿ ಒಬ್ಬ ಮನುಷ್ಯ, ಕೈಯಲ್ಲಿ ರ‍್ಯಾಕೆಟ್. ಎಲ್ಲ ಬದಲಾಯಿತು.

ಮೊದಲ ಸಂಜೆಯೇ ಅವನು ಒಂದು ಮಾತು ಹೇಳಿದ: ನೀನು ಎಡಕ್ಕೆ ಹೊಡೆಯುತ್ತೀಯ ಅಂತ ನೀನು ಚೆಂಡು ಬಿಟ್ಟಾಗಲೇ ನನಗೆ ಗೊತ್ತಾಗುತ್ತದೆ. ಬಲಕ್ಕೆ ಹೊಡೆಯುವಾಗ ನಾನು ಚೆಂಡನ್ನು ಸ್ವಲ್ಪ ಹಿಂದೆ ಬಿಡುತ್ತಿದ್ದೆನಂತೆ. ಒಳ್ಳೆಯ ಆಟಗಾರರ ಸರ್ವ್‌ಗೆ ಬೆಲೆ ಬರುವುದು ಇಲ್ಲಿ. ಎಡಗೈಯ ಕ್ಲಿಫ್ ಸ್ವೇನ್ ಅವರ ಡ್ರೈವ್ ಸರ್ವ್ ಬಗ್ಗೆ ಹಳೆಯ ಆಟಗಾರರು ಇವತ್ತಿಗೂ ಮಾತಾಡುತ್ತಾರೆ. ಕೆನಡಾದ ಕೇನ್ ವಾಸೆಲೆಂಚುಕ್ ಅವರೂ ಎಡಗೈಯವರೇ. ಅವರ ಆಟದ ವಿಡಿಯೊಗಳನ್ನು ಅಣ್ಣ ತೋರಿಸಿದ. ಹೊಡೆಯುವ ಕೊನೇ ಗಳಿಗೆಯವರೆಗೂ ಚೆಂಡು ಎಡಕ್ಕೋ ಬಲಕ್ಕೋ ಹೇಳಲು ಬರುವುದಿಲ್ಲ. ಒಂದೇ ಹೆಜ್ಜೆ, ಒಂದೇ ಜಾಗಕ್ಕೆ ಚೆಂಡು, ಕೊನೆಗೆ ಮಣಿಕಟ್ಟು ಮತ್ತು ಸೊಂಟದ ಸಣ್ಣ ವ್ಯತ್ಯಾಸ. ನೆಲದ ಮೇಲಿನ ಆ ಒಂದು ರೂಪಾಯಿ ಚುಕ್ಕೆಗೆ ಹೀಗೆ ಇನ್ನೊಂದು ಉಪಯೋಗ ಸಿಕ್ಕಿತು. ಅದು ಗುರಿ ಕೂಡಿಸಲಿಕ್ಕೂ ಬೇಕು, ಗುರಿ ಮುಚ್ಚಿಡಲಿಕ್ಕೂ ಬೇಕು.

ಎರಡನೆಯದು, ಚೆಂಡು ನನ್ನ ಮೈಗೆ ಎಷ್ಟು ಹತ್ತಿರ ಹಾದುಹೋಗುತ್ತದೆ ಅನ್ನುವುದು. ಬಲಗೈಯವರು ಎಡ ಮೂಲೆಗೆ ಹೊಡೆದರೆ ಚೆಂಡು ಹಿಂದಿರುಗುವಾಗ ಅವರ ಬೆನ್ನ ಕಡೆಯಿಂದ ಹೋಗುತ್ತದೆ. ತೀರಾ ಹತ್ತಿರ ಹೋಗಿ ಎದುರಿನವರಿಗೆ ಚೆಂಡು ಕಾಣದಿದ್ದರೆ ಅದನ್ನು ಸ್ಕ್ರೀನ್ ಅಂತಾರೆ. ಅಂಥ ಸರ್ವ್‌ಗೆ ಮಾನ್ಯತೆ ಇಲ್ಲ. ಕನ್ನಡಿ ಲೆಕ್ಕವನ್ನೇ ಮತ್ತೆ ಹಾಕಿದೆ. ನಡುಗೆರೆಯಲ್ಲಿ ಹೊಡೆದು ಮೂಲೆಗೆ ಹೋಗುವ ಚೆಂಡು ನನ್ನ ಪಕ್ಕಕ್ಕೆ ಬರುವಾಗ ನಡುಗೆರೆಯಿಂದ ಐದೂವರೆ ಅಡಿ ಎಡಕ್ಕಿರುತ್ತದೆ. ಹೊಡೆಯುವಾಗ ನನ್ನ ಮೈ ಚೆಂಡಿನಿಂದ ಸುಮಾರು ಮೂರು ಅಡಿ ಎಡಕ್ಕೆ. ಅಂದರೆ ನಡುವೆ ಎರಡೂವರೆ ಅಡಿ ಅಂತರ. ಅಣ್ಣನಿಗೆ ಚೆಂಡು ಸ್ಪಷ್ಟವಾಗಿ ಕಾಣುತ್ತದೆ. ನಾನು ಒಂದೆರಡು ಅಡಿ ಎಡಕ್ಕೆ ಸರಿದು ನಿಂತರೆ ಅಂತರ ಕಮ್ಮಿಯಾಗುತ್ತ ಹೋಗುತ್ತದೆ. ಎಲ್ಲಿ ನಿಲ್ಲಬೇಕು ಅನ್ನುವ ವಾದ ನಮ್ಮಿಬ್ಬರಲ್ಲಿ ಲೆಕ್ಕದಿಂದಲೇ ಮುಗಿಯಿತು.

ಬಲಕ್ಕೆ ಹೊಡೆಯುವ ಸರ್ವ್‌ಗೆ ಇನ್ನೊಂದು ಕಟ್ಟಳೆ ಇದೆ. ಪಕ್ಕದ ಗೋಡೆಯಿಂದ 3 ಅಡಿಗೆ ಒಂದು ಗೆರೆ. ನಾವು ನಿಂತ ಬದಿಯ ಗೋಡೆಯ ಉದ್ದಕ್ಕೇ ಡ್ರೈವ್ ಹೊಡೆಯುವುದಾದರೆ ಮೈಯಾಗಲಿ ರ‍್ಯಾಕೆಟ್ಟಾಗಲಿ ಆ 3 ಅಡಿಯೊಳಗೆ ಹೋಗಕೂಡದು. ನಡುವಿನಿಂದಲೇ ಹೊಡೆಯುವ ನನಗೆ ಇದು ತೊಂದರೆಯಲ್ಲ. ಗೊತ್ತಿರಬೇಕು, ಅಷ್ಟೇ.

ಮೂರನೆಯದು ಸರ್ವ್ ಮುಗಿದ ಮೇಲಿನದು. ಗೋಣಿ ಚೀಲ ಚೆಂಡನ್ನು ವಾಪಸ್ ಹೊಡೆಯುವುದಿಲ್ಲ, ಹಾಗಾಗಿ ನಾನು ಸರ್ವ್ ಮಾಡಿ ನಿಂತಲ್ಲೇ ನೋಡುತ್ತಿದ್ದೆ. ಅಣ್ಣ ಹೊಡೆದ ಚೆಂಡು ಪಕ್ಕದಲ್ಲೇ ಹಾರಿ ಹೋಗುವಾಗ ಅದರ ಬೆಲೆ ತಿಳಿಯಿತು. ಚೆಂಡು ಶಾರ್ಟ್ ಲೈನ್ ದಾಟುವವರೆಗೆ ನಾವು ಸರ್ವಿಸ್ ಜಾಗ ಬಿಡುವಂತಿಲ್ಲ. ದಾಟಿದ ಕ್ಷಣವೇ ಹಿಂದಕ್ಕೆ ಸರಿಯಬೇಕು, 25 ಅಡಿಯ ತುಂಡು ಗೆರೆಗಿಂತ ಸ್ವಲ್ಪ ಹಿಂದೆ, ನಡುವಿಗೆ. ಹೆಗಲ ಮೇಲಿಂದ ಎದುರಿನವರನ್ನು ನೋಡುತ್ತ, ಗಾರ್ಡ್ ಹಾಕಿದ ಕಣ್ಣಲ್ಲಿ. ಸರ್ವ್‌ನ ಹೊಡೆತ ಮುಗಿದ ಮೇಲೆ ರ‍್ಯಾಕೆಟ್ ಮೈ ಸುತ್ತಿ ಬರುವ ಬಲವನ್ನೇ ಹಿಂಗಾಲಿಗೆ ತಂದುಕೊಂಡರೆ ಈ ಸರಿಯುವಿಕೆ ಸಲೀಸು. ಅಣ್ಣ ಇದನ್ನು ಮಾಡಿ ತೋರಿಸಿದಾಗ ಎಷ್ಟು ಸುಲಭ ಅನ್ನಿಸಿತು!

ಅವನು ಬಂದ ಹೊಸತರಲ್ಲಿ ನನ್ನ ಸರ್ವ್‌ಗಳನ್ನು ಮುಂದಿನ ಗೋಡೆಯ ಬುಡಕ್ಕೇ ಹೊಡೆದು ಪಾಯಿಂಟ್ ತೆಗೆಯುತ್ತಿದ್ದ. ಹೊರಡುವ ಹೊತ್ತಿಗೆ ಎಡ ಮೂಲೆಯ ಸರ್ವ್‌ಗಳಲ್ಲಿ ಹೆಚ್ಚಿನವನ್ನು ಬರೀ ಎತ್ತಿ ಮೇಲಕ್ಕೆ ಕಳಿಸಿ ಹೊತ್ತು ಗಳಿಸುತ್ತಿದ್ದ. ಡ್ರೈವ್ ಸರ್ವ್‌ನಿಂದ ನಮಗೆ ಬೇಕಾದದ್ದು ಅದೇ. ಪ್ರತಿ ಸರ್ವ್‌ಗೂ ನೇರ ಪಾಯಿಂಟ್ ಬರಬೇಕಿಲ್ಲ. ಎದುರಿನವರು ದುರ್ಬಲವಾಗಿ ಎತ್ತಿಕೊಟ್ಟರೆ ಮುಂದಿನ ಹೊಡೆತದಲ್ಲಿ ಪಾಯಿಂಟ್ ನಮ್ಮದು.

ಜೂನ್‌ನಲ್ಲಿ ಮಳೆ ಹಿಡಿಯಿತು. ಮಲೆನಾಡಿನ ಮಳೆ ಅಂದರೆ ಗೊತ್ತಲ್ಲ, ಕಣದ ಮೇಲೆ ಪಾಚಿ ಕಟ್ಟುತ್ತದೆ, ನಡೆದಾಡುವುದೇ ಕಷ್ಟ. ಗೋಡೌನಿನ ಒಳಗೆ ಮೂಟೆಗಳ ನಡುವಿನ ಓಣಿಯಲ್ಲಿ ಚೆಂಡು ಬಿಡುವುದು, ಹೆಜ್ಜೆ ಹಾಕುವುದು, ಚೆಂಡಿಲ್ಲದೆ ರ‍್ಯಾಕೆಟ್ ಬೀಸುವುದು ಇಷ್ಟೇ ನಡೆಯಿತು. ಮಳೆಗಾಲದ ಈ ಅಭ್ಯಾಸವನ್ನು ನಾನು ಕಮ್ಮಿ ಅಂದುಕೊಂಡಿದ್ದೆ. ಅಕ್ಟೋಬರ್‌ನಲ್ಲಿ ಕಣ ಉಜ್ಜಿ ತೊಳೆದು ಮತ್ತೆ ಸುಣ್ಣ ಎಳೆದಾಗ ಮೊದಲ ಸಂಜೆಯೇ ಗೋಡೆಯ ಚುಕ್ಕೆಗಳು ಟೇಪಿನ ಸುತ್ತ ಒಂದು ಮೊರದ ಅಗಲದೊಳಗೆ ಬಿದ್ದವು. ಅಂಗೈ ಅಗಲಕ್ಕೆ ಇನ್ನೂ ಬಂದಿಲ್ಲ. ಆದರೆ ಮೇ ಕೊನೆಗಿಂತ ಚೆನ್ನಾಗಿತ್ತು, ನಡುವೆ ಒಂದೂ ಪೂರ್ತಿ ಸರ್ವ್ ಹೊಡೆಯದೆ.

ಈಗ ಬಾಕಿ ಇರುವುದು ಬಲ ಮೂಲೆ. ಎಡದಷ್ಟು ಅದು ಹಿಡಿತಕ್ಕೆ ಬಂದಿಲ್ಲ. ಅದೇ ಚುಕ್ಕೆಗೆ ಚೆಂಡು ಬಿಟ್ಟು ಬಲಕ್ಕೆ ಹೊಡೆಯಲು ಸೊಂಟವನ್ನು ಸ್ವಲ್ಪ ತಡೆಯಬೇಕು, ತಡೆದಾಗ ವೇಗ ಬೀಳುತ್ತದೆ. ಇನ್ನೊಂದು ಆಸೆಯೂ ಇದೆ. ಶಾರ್ಟ್ ಲೈನ್ ದಾಟಿದ ಕೂಡಲೇ ಪಕ್ಕದ ಗೋಡೆ ನೆಲಕ್ಕೆ ಸೇರುವ ಸಂದಿಗೆ ಚೆಂಡು ಬೀಳಿಸುವ ಸರ್ವ್ ಒಂದಿದೆ. ಸಂದಿಗೆ ಸರಿಯಾಗಿ ಬಿದ್ದರೆ ಚೆಂಡು ಪುಟಿಯದೆ ಉರುಳಿಬಿಡುತ್ತದೆ. ಅದಕ್ಕೆ ಪಕ್ಕದ ಗೋಡೆ ಬೇಕೇ ಬೇಕು. ಹಳೆಯ ಪ್ಲೈವುಡ್ ಹಲಗೆಗಳು ಗೋಡೌನಿನಲ್ಲಿವೆ. ಶಾರ್ಟ್ ಲೈನಿನಿಂದ ಹಿಂದಕ್ಕೆ 8 ಅಡಿ ಉದ್ದಕ್ಕೆ ನಿಲ್ಲಿಸಿದರೆ ಸಾಕು ಅಂತ ಅಳೆದಿಟ್ಟಿದ್ದೇನೆ. ಅರೇಬಿಕಾ ಹಣ್ಣಾಗುತ್ತಿದೆ, ಇನ್ನು ಕಣ ಬಿಟ್ಟುಕೊಡಬೇಕು. ಏಪ್ರಿಲ್‌ಗೆ ಹಲಗೆ ನಿಲ್ಲಿಸುತ್ತೇನೆ. ಅಲ್ಲಿಯವರೆಗೆ ಗೋಡೌನಿನ ಓಣಿಯಲ್ಲಿ ಬಲ ಮೂಲೆಯ ಹೆಜ್ಜೆ, ಮತ್ತೆ ಅದೇ ಚೆಂಡು ಬಿಡುವುದು. ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆ ಎತ್ತರದ ಬೋಳು ಗೋಡೆ ಇರುವ ಕಣ ಯಾರಿಗಾದರೂ ಇದ್ದರೆ ಮೇಲಿನ ಅಳತೆಗಳಲ್ಲಿ ಗೆರೆ ಎಳೆದು ನೋಡಿ. ರ‍್ಯಾಕೆಟ್ ನಾನು ತರುತ್ತೇನೆ.